ಕ್ಯಾರಿಯರ್ ಅಕ್ಕ ಹ್ಯಾಂಡಲ್ ಹಿಡಿದದ್ದು

ಆ ಓಣಿಯ ಸೈಕಲ್ ಅಂಗಡಿಯ ಮುಂದೆ ಈಗಲೂ ಒಂದು ಸ್ಟೂಲಿದೆ, ಸ್ಟೂಲಿನ ಮೇಲೆ ಕ್ಯಾರಿಯರ್ ಅಕ್ಕ ಇದ್ದಾಳೆ. ತಲೆ ಪೂರ್ತಿ ನರೆತಿದೆ, ಮಂಡಿ ಆಗಾಗ ಕೈಕೊಡುತ್ತದೆ, ಬಾಯಿ ಮಾತ್ರ ಮೊದಲಿನ ಹಾಗೇ ಇದೆ. ಅಂಗಡಿಯ ಕೆಲಸವನ್ನು ಈಗ ಅಳಿಯ ನೋಡಿಕೊಳ್ಳುತ್ತಾನೆ. ಗಂಡ ತೀರಿಕೊಂಡು ವರ್ಷಗಳಾದವು. ಅವರ ಮಾತು ಬಂದರೆ ಆಕೆ ಅಳುವುದಿಲ್ಲ, ಜಗಳಕ್ಕೆ ನಿಲ್ಲುತ್ತಾಳೆ. "ಅವರಾ? ಅಂಥ ಹಟಮಾರಿ ಮನುಷ್ಯ ಇನ್ನೊಬ್ಬ ಹುಟ್ಟಿಲ್ಲ ಬಿಡು" ಎಂದು ಶುರುಮಾಡಿದರೆ ಮುಗಿಯಿತು, ಎದುರಿಗಿದ್ದವರ ಟೀ ಆರಿ ತಣ್ಣಗಾಗುವವರೆಗೆ ಬಿಡುವುದಿಲ್ಲ.

ಆ ಹಟಮಾರಿಯನ್ನು ಊರೆಲ್ಲ ಬೆಂಡ್ ಮಾಸ್ತರು ಎಂದು ಕರೆಯುತ್ತಿತ್ತು. ಪಾಠ ಹೇಳಿಕೊಟ್ಟ ಮಾಸ್ತರಲ್ಲ, ಸೈಕಲ್ ಚಕ್ರದ ಬೆಂಡ್ ತೆಗೆಯುವುದರಲ್ಲಿ ಪಳಗಿದ ಮಾಸ್ತರು. ಗುಂಡಿಗೆ ಬಿದ್ದು ಸೊಟ್ಟಗಾದ ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ತಿರುಗಿಸುವುದು, ಪಕ್ಕದಲ್ಲಿ ಸೀಮೆಸುಣ್ಣ ಹಿಡಿಯುವುದು, ಸುಣ್ಣ ತಾಗಿದ ಕಡೆ ಕಡ್ಡಿಗಳನ್ನು ಒಂದಿಷ್ಟು ಬಿಗಿದು ಒಂದಿಷ್ಟು ಸಡಿಲಿಸುವುದು. ಅವಸರವಿಲ್ಲ, ಮಾತಿಲ್ಲ. ಕೊನೆಗೆ ಸುಣ್ಣ ಎಲ್ಲಿಯೂ ತಾಗದ ಹಾಗೆ ಚಕ್ರ ತಿರುಗಿದಾಗ ಮಾತ್ರ ಮುಖದಲ್ಲಿ ಸಣ್ಣ ನಗು ಬರುತ್ತಿತ್ತು. "ನಾಯಿ ಬಾಲ ಡೊಂಕು ಅಂತಾರಲ್ಲ, ಒಂದ್ಸಲ ಈ ಸ್ಟ್ಯಾಂಡಿಗೆ ಹಾಕಿ ನೋಡೋಣ" ಎನ್ನುವುದು ಅವರಿಗೆ ಗೊತ್ತಿದ್ದ ಒಂದೇ ಜೋಕು. ಅದನ್ನು ಅಕ್ಕ ಎಷ್ಟು ಸಲ ಕೇಳಿದ್ದಳೋ. ಪ್ರತಿಸಲವೂ "ಮೊದಲು ನಿಮ್ಮ ಹಟದ ಬೆಂಡ್ ತೆಗೀರಿ" ಎಂಬ ಅವಳ ಉತ್ತರವೂ ಒಂದೇ ಆಗಿತ್ತು.

ಮದುವೆಗೆ ಮೊದಲು ಆಕೆ ಎದುರಿನ ಹೊಲಿಗೆ ಅಂಗಡಿಯಲ್ಲಿ ಮಿಷನ್ ತುಳಿಯುತ್ತಿದ್ದಳು. ಅಂಗಡಿ ಅಪ್ಪನದು. ಅಪ್ಪ ಶರ್ಟು ಪ್ಯಾಂಟು ಹೊಲಿದರೆ ಮಗಳ ಪಾಲಿಗೆ ದಪ್ಪ ರೆಕ್ಸಿನ್ನಿನ ಸೀಟ್ ಕವರುಗಳು. ಸೂಜಿ ಮುರಿಯುವ ಕೆಲಸ ಅದು. ಬೆಂಡ್ ಮಾಸ್ತರು ಆಗಿನ್ನೂ ಮಾಸ್ತರಾಗಿರಲಿಲ್ಲ, ಮೀಸೆ ಸರಿಯಾಗಿ ಬರದ ಒಬ್ಬ ಮೆಕ್ಯಾನಿಕ್. ಅಳತೆಗೆಂದು ಸೀಟು ಹಿಡಿದುಕೊಂಡು ಬರುತ್ತಿದ್ದ ಮನುಷ್ಯ, ಎಲ್ಲ ಸೈಕಲ್ ಸೀಟೂ ಹೆಚ್ಚುಕಡಿಮೆ ಒಂದೇ ಅಳತೆ ಎಂದು ಗೊತ್ತಿದ್ದೂ ಬರುತ್ತಿದ್ದರು. ಅಪ್ಪನಿಗೆ ಇದು ಗೊತ್ತಾಗದೆ ಇರಲಿಲ್ಲ, ಆದರೆ ಸೀಟ್ ಕವರಿನ ವ್ಯಾಪಾರ ಚೆನ್ನಾಗಿ ಆಗುತ್ತಿದೆಯಲ್ಲ ಎಂದು ಸುಮ್ಮನಿದ್ದ.

ಒಂದು ದಿನ ಮಾತು ಬೆಳೆಸಲೆಂದೇ ಆಕೆ ಕೇಳಿದಳು. "ಅಲ್ಲ, ನಿಲ್ಲಿಸಿದ್ರೆ ಬೀಳೋ ಸೈಕಲ್ಲು ಓಡಿಸಿದ್ರೆ ಯಾಕೆ ಬೀಳಲ್ಲ? ಮೇಲೆ ಕೂತೋರು ಬ್ಯಾಲೆನ್ಸ್ ಮಾಡ್ತಾರಾ?"

"ಯಾರೂ ಕೂರ್ದೇ ಇದ್ರೂ ಬೀಳಲ್ಲ, ನೋಡ್ತೀರಾ?" ಎಂದರು ಅವರು. ಅಂಗಡಿಯ ಮುಂದೆ ಒರಗಿಸಿದ್ದ ಒಂದು ಸೈಕಲ್ಲನ್ನು ರಸ್ತೆಗೆ ತಂದು, ಸೀಟು ಹಿಡಿದು ನಾಲ್ಕು ಹೆಜ್ಜೆ ಓಡಿ, ಇಳಿಜಾರಿನತ್ತ ನೂಕಿಬಿಟ್ಟರು. ಸವಾರನಿಲ್ಲದ ಸೈಕಲ್ಲು ತನ್ನ ಪಾಡಿಗೆ ತಾನು ಹೊರಟಿತು. ಎಡಕ್ಕೆ ವಾಲಿತು, ಬಿತ್ತು ಎನ್ನುವಷ್ಟರಲ್ಲಿ ಮುಂದಿನ ಚಕ್ರ ತಾನಾಗಿಯೇ ಎಡಕ್ಕೆ ತಿರುಗಿ ಗಾಡಿ ನೆಟ್ಟಗಾಯಿತು. ಬಲಕ್ಕೆ ವಾಲಿತು, ಬಲಕ್ಕೆ ತಿರುಗಿ ಎದ್ದಿತು. ಹಾಗೇ ಓಲಾಡುತ್ತ ಓಣಿಯ ಅರ್ಧ ದೂರ ಹೋಗಿ, ವೇಗ ಕಡಿಮೆಯಾಗಿ, ಕ್ಷೌರದಂಗಡಿಯ ಮೆಟ್ಟಿಲಿಗೆ ಹೋಗಿ ಬಿತ್ತು. ಕ್ಷೌರದವನು ಹೊರಗೆ ಬಂದು ಯಾರಪ್ಪನ ಮನೆ ಗಂಟು ಎಂದು ಬೈದ.

"ನೋಡಿದ್ರಾ, ಎತ್ತ ಬೀಳೋಕೆ ಹೋಗುತ್ತೋ ಚಕ್ರ ಅತ್ತಲೇ ತಿರುಗುತ್ತೆ. ತಿರುಗಿ ಮೈಯನ್ನ ಎತ್ತಿ ಹಿಡಿಯುತ್ತೆ. ಓಡ್ತಾ ಇರೋವರೆಗೂ ಅದಕ್ಕೆ ಆ ಶಕ್ತಿ ಇರುತ್ತೆ. ಮೇಲೆ ಕೂತೋರು ಅಡ್ಡ ಬರ್ದೇ ಇದ್ರೆ ಸಾಕು."

ಅಡ್ಡ ಬರದ ಗಂಡಸು ಎಂದು ನಂಬಿ ಮದುವೆಯಾದೆ, ಮದುವೆಯಾದ ಮೇಲೆ ಎಲ್ಲದಕ್ಕೂ ಅಡ್ಡ ಬಂದರು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಹೇಳುವಾಗ ಮುಖ ನೋಡಬೇಕು. ಅದು ದೂರು ಹೇಳುವವರ ಮುಖವಲ್ಲ.

ಅಂಗಡಿ ಶುರುವಾದ ಹೊಸತರಲ್ಲಿ ಒಂದು ಅನಾಹುತವಾಯಿತು. ಒಬ್ಬ ನರ್ಸಮ್ಮನ ಸೈಕಲ್ಲಿನ ಫೋರ್ಕು, ಎಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವೆ, ಗೋಡೆಗೆ ಗುದ್ದಿ ಬಗ್ಗಿತ್ತು. ಮಾಸ್ತರು ಅದನ್ನು ನೇರ ಮಾಡಿ, ಕಣ್ಣಳತೆಯಲ್ಲಿ ನೋಡಿ, ಡ್ಯೂಟಿಗೆ ಹೊತ್ತಾಯಿತು ಎಂದು ಆಕೆ ಅವಸರ ಮಾಡಿದ್ದಕ್ಕೆ ಹಾಗೇ ಕೊಟ್ಟುಬಿಟ್ಟರು. ಫೋರ್ಕು ಕೂದಲೆಳೆಯಷ್ಟು ಒಂದು ಕಡೆ ಉಳಿದಿತ್ತು. ಇಳಿಜಾರಿನಲ್ಲಿ ಆಕೆ ಮೂಗೊರೆಸಿಕೊಳ್ಳಲು ಒಂದು ಕೈ ಬಿಟ್ಟಳು, ಗಾಡಿ ಎಳೆದುಕೊಂಡು ಹೋಗಿ ಚರಂಡಿಗೆ ಹಾಕಿತು. ಮಣಿಕಟ್ಟು ಮುರಿಯಿತು. ನರ್ಸಮ್ಮ ಒಳ್ಳೆಯವಳು, ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮಾಸ್ತರಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಅಂಗಡಿಗೆ ಒಂದು ಕಾನೂನು ಬಂತು. ಪರೀಕ್ಷೆಯಾಗದ ಗಾಡಿ ಹೊರಗೆ ಹೋಗಕೂಡದು, ಕೇಳುವವರು ಯಾರೇ ಆಗಿರಲಿ.

ಪರೀಕ್ಷೆ ಎಂದರೆ ಸುಮ್ಮನೆ ಒಂದು ಸುತ್ತು ಹೊಡೆದು ಬರುವುದಲ್ಲ. ಭಾರ ಬಿದ್ದಾಗ ಗಾಡಿಯ ನಿಜ ಗುಣ ಗೊತ್ತಾಗುವುದು ಎಂಬುದು ಮಾಸ್ತರ ಲೆಕ್ಕ. ಭಾರಕ್ಕೆ ಹೆಂಡತಿ ಇದ್ದಳಲ್ಲ. ಕೆಲಸ ಮುಗಿದ ಸೈಕಲ್ಲನ್ನು ಓಣಿಯ ಮೇಲ್ತುದಿಗೆ ಒಯ್ದು, ಮಾಸ್ತರು ಸೀಟಿನ ಮೇಲೆ, ಅಕ್ಕ ಹಿಂದೆ ಕ್ಯಾರಿಯರ್ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವುದು. ವೇಗ ಬಂದ ಮೇಲೆ ಮಾಸ್ತರು ಹ್ಯಾಂಡಲ್ಲಿನಿಂದ ಎರಡೂ ಕೈ ಎತ್ತುವುದು, ಅಕ್ಕ ಕಣ್ಣು ಮುಚ್ಚುವುದು. ಕಣ್ಣು ಬಿಟ್ಟಿದ್ದರೆ ರಸ್ತೆ ಮನಸ್ಸನ್ನು ಎಳೆಯುತ್ತದೆ, ಮುಚ್ಚಿದರೆ ಗಾಡಿ ಎಳೆಯುವುದು ಮಾತ್ರ ಗೊತ್ತಾಗುತ್ತದೆ ಎಂಬುದು ಅವಳೇ ಕಂಡುಕೊಂಡ ಉಪಾಯ. ಓಣಿಯ ಕೆಳತುದಿಯ ನಲ್ಲಿ ಹತ್ತಿರ ನಿಂತು ಇಬ್ಬರೂ ತೀರ್ಪು ಹೇಳಬೇಕು. ನೇರ ಇದೆ ಎಂದು ಇಬ್ಬರೂ ಹೇಳಿದರೆ ಗಾಡಿ ಗಿರಾಕಿಯದು, ಇಲ್ಲದಿದ್ದರೆ ವಾಪಸ್ ಸ್ಟ್ಯಾಂಡಿಗೆ.

ಹಿಂದೆ ಕೂರುವುದಕ್ಕೂ ಶಿಸ್ತು ಇತ್ತು. ವಾಲಬಾರದು, ಬಿಗಿಯಬಾರದು, ಬೀಳುತ್ತೇವೆ ಅನ್ನಿಸಿದರೂ ಮೈ ಅಲ್ಲಾಡಿಸಬಾರದು. ಮುಂದಿನವರ ಸೊಂಟ ಹಿಡಿಯಲಂತೂ ಬಾರದು, ಹಿಡಿದರೆ ಗಾಡಿಯ ಸುಳ್ಳು ನಿಜ ಗೊತ್ತಾಗುವುದಿಲ್ಲ. ಅಕ್ಕ ಸೀಟಿನ ಕೆಳಗಿನ ಸ್ಪ್ರಿಂಗು ಹಿಡಿದುಕೊಳ್ಳುತ್ತಿದ್ದಳು. ಹೀಗೆ ಮೂವತ್ತು ವರ್ಷ ಗಂಡನ ಬೆನ್ನಿನಿಂದ ಒಂದು ಗೇಣು ದೂರದಲ್ಲಿ ಕೂತು, ಒಂದು ದಿನವೂ ಆ ಬೆನ್ನಿಗೆ ಒರಗಲಿಲ್ಲ.

ಆದರೆ ಎಂಥ ದಿನಗಳು ಅವು. ಊರಿನ ಅರ್ಧ ಜನ ಸೈಕಲ್ ಮೇಲೆಯೇ ಓಡಾಡುತ್ತಿದ್ದ ಕಾಲ. ಬೆಳಿಗ್ಗೆ ಫ್ಯಾಕ್ಟರಿ ಕೂಗು ಹಾಕಿದರೆ ಓಣಿ ತುಂಬ ಬೆಲ್ಲಿನ ಸದ್ದು. ಅಂಗಡಿಯಲ್ಲಿ ರಬ್ಬರ್ ಸೊಲ್ಯೂಷನ್ನಿನ ವಾಸನೆ, ಗೋಡೆಯ ಮೊಳೆಗಳಲ್ಲಿ ಹೂಮಾಲೆಯ ಹಾಗೆ ತೂಗುವ ಚೈನುಗಳು, ಪಂಕ್ಚರ್ ನೋಡಲು ಇಟ್ಟ ನೀರಿನ ತೊಟ್ಟಿಯಲ್ಲಿ ಅಕ್ಕನ ಮಗಳು ಬಿಟ್ಟ ಕಾಗದದ ದೋಣಿ. ಸಂಜೆ ಬಿಸಿಲು ಇಳಿದ ಮೇಲೆ ಪರೀಕ್ಷೆ. "ಏ, ಬರ್ತೀಯಾ?" ಎಂದು ಮಾಸ್ತರು ಕೂಗಿದರೆ ಅಕ್ಕ ಒಲೆ ಸಣ್ಣ ಮಾಡಿ ಬರುತ್ತಿದ್ದಳು. ಒಂದೊಂದು ಸಂಜೆ ಐದಾರು ಗಾಡಿ. ಕಣ್ಣು ಮುಚ್ಚಿದ ಕತ್ತಲಲ್ಲಿ ಗಾಳಿ ಮುಖಕ್ಕೆ ಬಡಿಯುವುದು, ಹಿಂದಿನ ಚಕ್ರ ಟಿಕ್ ಟಿಕ್ ಎನ್ನುವುದು, ಯಾರ ಮನೆಯಲ್ಲಿ ಒಗ್ಗರಣೆ ಹಾಕಿದರು ಎಂದು ಮೂಗಿಗೆ ಗೊತ್ತಾಗುವುದು. ಓಣಿಯ ಮಕ್ಕಳು "ಕ್ಯಾರಿಯರ್ ಅಕ್ಕ ಬಂದ್ಲು" ಎಂದು ಹಿಂದೆ ಓಡಿ ಬರುತ್ತಿದ್ದವು. ದಿನವಿಡೀ ದುಡಿದವಳಿಗೆ ಅದೇ ವಿಹಾರ, ಅದೇ ಸಿನಿಮಾ. ಅಷ್ಟು ಸುಖ ಆಮೇಲೆ ಯಾವ ಕಾರಿನಲ್ಲೂ ಸಿಗಲಿಲ್ಲ ಎಂದು ಅವಳು ಹೇಳಿದರೆ ನಂಬಬೇಕು.

ಇಷ್ಟೆಲ್ಲ ಗಾಡಿ ಪರೀಕ್ಷೆ ಮಾಡಿದವಳು ತಾನೇ ಸೈಕಲ್ ಓಡಿಸಲು ಕಲಿತಿರಲಿಲ್ಲ. ಯಾರೂ ಕಲಿಸಲಿಲ್ಲ, ಅವಳೂ ಕೇಳಲಿಲ್ಲ. ಅಡುಗೆಯವರ ಮನೆಯಲ್ಲಿ ಹಸಿದು ಮಲಗಿದ ಹಾಗೆ.

ಒಂದು ಸಂಜೆ ಹಾಲಿನವನ ಸೈಕಲ್ಲಿನ ಪರೀಕ್ಷೆ. ಎರಡೂ ಬದಿಗೆ ಕ್ಯಾನು ತೂಗುಹಾಕಿಕೊಂಡು ಹೋಗುವ ಗಟ್ಟಿ ಗಾಡಿ ಅದು, ಲಾರಿ ತಗುಲಿ ಫೋರ್ಕು ಹೋಗಿತ್ತು, ಮಾಸ್ತರು ಹೊಸದು ಹಾಕಿದ್ದರು. ಮೇಲ್ತುದಿಯಿಂದ ಹೊರಟು, ವೇಗ ಬಂದು, ಕೈ ಎತ್ತಿದರು. ಅಕ್ಕ ಕಣ್ಣು ಮುಚ್ಚಿದಳು. ಮುಂದಿನ ಕ್ಷಣ ನೆಲದ ಮೇಲಿದ್ದಳು. ಕಣ್ಣು ಬಿಟ್ಟು ನೋಡಿದರೆ ಮಾಸ್ತರು ಪಕ್ಕದಲ್ಲಿ ಬಿದ್ದು, ಎರಡೂ ಕೈಯಲ್ಲಿ ನೆಲವನ್ನು ಅವುಚಿ ಹಿಡಿದುಕೊಂಡಿದ್ದಾರೆ.

"ಏನಾಯ್ತು ರೀ?"

"ಓಣಿ ತಿರುಗ್ತಾ ಇದೆ ಕಣೇ" ಎಂದರು ಮಾಸ್ತರು. ಆ ದನಿಯನ್ನು ಅಕ್ಕ ಹಿಂದೆಂದೂ ಕೇಳಿರಲಿಲ್ಲ.

ಕಿವಿ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು, ತಲೆ ಆ ಕಡೆ ಈ ಕಡೆ ತಿರುಗಿಸಿ, ಕಿವಿಯೊಳಗೆ ಮೈಯ ಸಮತೋಲ ನೋಡಿಕೊಳ್ಳುವ ಒಂದು ಜಾಗ ಇರುತ್ತದೆ, ಅದು ಕೆಟ್ಟಿದೆ ಎಂದರು. ಮಾತ್ರೆಯಿಂದ ಅಷ್ಟಿಷ್ಟು ಹತೋಟಿಗೆ ಬರುತ್ತದೆ, ಓಡಾಡಬಹುದು, ಕೂತು ಕೆಲಸ ಮಾಡಬಹುದು, ಆದರೆ ಸೈಕಲ್ ಓಡಿಸುವುದು ಇನ್ನು ಮರೆತುಬಿಡಿ ಎಂದರು. ಮಾಸ್ತರು ತಲೆಯಾಡಿಸಿದರು. ಮನೆಗೆ ಬಂದವರೇ ಅಂಗಡಿಯ ಶೆಟರ್ ಎಳೆದು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಟ್ಟುಕೊಂಡು, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು.

ಒಂದು ದಿನ ಕೂತರು, ಒಂದು ವಾರ ಕೂತರು, ತಿಂಗಳೇ ಕೂತರು. ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತು ಹೋದರು. ಹಾಲಿನವನಂತೂ ದಿನಾ ಬರುತ್ತಿದ್ದ. ಅವನ ಸೈಕಲ್ಲು ರಿಪೇರಿಯಾಗಿ ಒಳಗೆ ನಿಂತಿತ್ತು, ಪರೀಕ್ಷೆ ಮಾತ್ರ ಆಗಿರಲಿಲ್ಲ.

"ಮಾಸ್ತರೇ, ಯಾರ್ದೋ ಗಾಡಿ ಬೇಡ್ಕೊಂಡು ಹಾಲು ಹಾಕ್ತಾ ಇದೀನಿ. ಕೊಟ್ಬಿಡಿ ನಂದು."

"ಪರೀಕ್ಷೆ ಆಗಿಲ್ಲ."

"ಯಾವಾಗ ಆಗುತ್ತೆ?"

ಮಾಸ್ತರು ಕಿಟಕಿಯ ಕಡೆ ತಿರುಗಿಕೊಂಡರು.

ಅಕ್ಕನಿಗೆ ದಿಗಿಲಾಗಿದ್ದು ಆಗ. ಅಂಗಡಿ ಮುಚ್ಚಿದರೆ ಮುಚ್ಚಲಿ, ಹೊಲಿಗೆ ಮಿಷನ್ನಿದೆ, ಎರಡು ಹೊಟ್ಟೆಯ ಪಾಡು ನಡೆಯುತ್ತದೆ. ಆದರೆ ಮನುಷ್ಯ ಕರಗುತ್ತಿದ್ದರು. ಜಗಳ ಆಡುತ್ತಿರಲಿಲ್ಲ. ಸಾರಿಗೆ ಬೇಕೆಂದೇ ಉಪ್ಪು ಹಾಕದೆ ಬಡಿಸಿ ನೋಡಿದಳು, ಸುಮ್ಮನೆ ಉಂಡು ಎದ್ದರು. ಮೂವತ್ತು ವರ್ಷ ಉಪ್ಪಿಗೊಂದು ಹುಳಿಗೊಂದು ತಕರಾರು ತೆಗೆದ ಗಂಡ ಸುಮ್ಮನೆ ಉಂಡು ಎದ್ದರೆ ಯಾವ ಹೆಂಗಸಿಗೆ ಭಯವಾಗುವುದಿಲ್ಲ? ಇವರು ಕುರ್ಚಿಯಿಂದ ಏಳದೇ ಹೋದರೆ ಹೀಗೇ ಮುಗಿದುಹೋಗುತ್ತಾರೆ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಮಹಡಿಯಲ್ಲಿ ಮಾಸ್ತರ ತಂಗಿ ಇದ್ದಳು, ಗಂಡನಿಲ್ಲದವಳು, ಮಾತಿನಲ್ಲಿ ಅತ್ತಿಗೆಗೆ ಸರಿಸಮ. ಅವಳ ಹತ್ತಿರ ಹೋಗಿ ಅಕ್ಕ ಅತ್ತಳು.

ಅತ್ತು ಮುಗಿದ ಮೇಲೆ ಕೆಳಗೆ ಬಂದು ಗಂಡನಿಗೆ ನೇರವಾಗಿ ಹೇಳಿದಳು. "ನಾನು ಓಡಿಸ್ತೀನಿ. ನೀವು ಹಿಂದೆ ಕೂತ್ಕೊಂಡು ಪರೀಕ್ಷೆ ಮಾಡಿ. ನಾಳೆ ಅಂಗಡಿ ತೆಗೀರಿ."

ಮಾಸ್ತರು ತಿಂಗಳ ಮೇಲೆ ಮೊದಲ ಸಲ ನಕ್ಕರು. ಚೆಂದದ ನಗುವಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ? ನಿಂಗೀಗ ಐವತ್ತು ದಾಟಿದೆ. ಮೇಲಾಗಿ ನಾನು ಹೆಂಡ್ತಿ ಹಿಂದೆ ಕ್ಯಾರಿಯರ್ ಮೇಲೆ ಕೂತ್ರೆ ಊರು ನಗುತ್ತೆ."

"ಮೂವತ್ತು ವರ್ಷ ನಾನು ಕೂತಾಗ ಊರು ಅತ್ತಿತ್ತಾ?"

ಮಾಸ್ತರು ಜೇಬಿನ ಮೇಲೆ ಕೈಯಿಟ್ಟುಕೊಂಡರು. ಬೀಗದ ಕೈ ಹೊರಗೆ ಬರಲಿಲ್ಲ.

ಮದುವೆಯಾಗಿ ಹೋಗಿದ್ದ ಮಗಳ ಹಳೆಯ ಸೈಕಲ್ಲನ್ನು ಅಕ್ಕ ಮೆಟ್ಟಿಲ ಕೆಳಗಿನಿಂದ ಎಳೆದು ತೆಗೆದಳು. ಗಂಡನ ಒಂದು ಪ್ಯಾಂಟನ್ನು ಮಡಚಿ ಹೊಲಿದು ಹಾಕಿಕೊಂಡಳು. ನಾದಿನಿ ಅದನ್ನು ನೋಡಿ ಗೋಡೆ ಹಿಡಿದುಕೊಂಡು ನಕ್ಕಳು, ನಕ್ಕು ಮುಗಿದ ಮೇಲೆ, "ಅತ್ತಿಗೆ, ನೀವು ಸೊಂಟ ಮುರ್ಕೊಂಡ್ರೆ ಶಾಖ ಕೊಡೋಳು ನಾನೇ ತಾನೇ? ಹಾಗಿದ್ಮೇಲೆ ಹಿಡ್ಕೊಳ್ಳೋಕೂ ನಾನೇ ಬರ್ತೀನಿ" ಎಂದಳು. ಬೆಳಿಗ್ಗೆ ಬೇಗ, ಮಾಸ್ತರು ಏಳುವ ಮೊದಲೇ, ಇಬ್ಬರೂ ಓಣಿಯ ಕೊನೆಯಲ್ಲಿದ್ದ ಗೋದಾಮಿನ ಹಿಂದಿನ ಸಿಮೆಂಟ್ ಅಂಗಳಕ್ಕೆ ಹೋಗತೊಡಗಿದರು.

ಅಲ್ಲಿ ನಡೆದದ್ದನ್ನು ಹೇಳಿದರೆ ಈಗಲೂ ನಾದಿನಿಗೆ ಕೆಮ್ಮು ಬರುವಷ್ಟು ನಗು. ಸೈಕಲ್ ತುಳಿಯಲು ಬಾರದವಳಿಗೆ ಸೈಕಲ್ ಹಿಡಿಯಲು ಬಾರದವಳು ಗುರು. ನಾದಿನಿ ಸೀಟನ್ನು ಕಳ್ಳನ ಕೊರಳಪಟ್ಟಿ ಹಿಡಿದ ಹಾಗೆ ಹಿಡಿಯುತ್ತಿದ್ದಳು, ಗಾಡಿ ಅತ್ತಿತ್ತ ಅಲ್ಲಾಡುವಂತಿಲ್ಲ. ಅವಳು ಹಿಡಿದಿರುವವರೆಗೆ ಅಕ್ಕ ರಾಣಿಯ ಹಾಗೆ ಹೋಗುತ್ತಿದ್ದಳು, ಬಿಟ್ಟ ಕೂಡಲೇ ನೆಲಕ್ಕೆ. ಮೊದಲು ಮೊಣಕೈ, ಆಮೇಲೆ ಮಂಡಿ, ಆಮೇಲೆ ಯಾರಿಗೂ ತೋರಿಸಲಾಗದ ಜಾಗ. "ಅಂಗಳ ಇಳಿಜಾರಾಗಿದೆ" ಎಂದಳು ಅಕ್ಕ ಒಮ್ಮೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದಳು ನಾದಿನಿ. ಇಬ್ಬರೂ ಆ ದಿನ ಮಾತು ಬಿಟ್ಟು ಮನೆಗೆ ಬಂದರು.

ಬೀಳುವುದಕ್ಕಿಂತ ಅಕ್ಕನನ್ನು ಚುಚ್ಚಿದ್ದು ಇನ್ನೊಂದು. ಗಾಡಿ ಎತ್ತ ವಾಲುತ್ತಿದೆ ಎಂದು ಅವಳಿಗೆ ಎಲ್ಲರಿಗಿಂತ ಮೊದಲೇ ತಿಳಿಯುತ್ತಿತ್ತು. ಎಡಕ್ಕೆ, ಇಷ್ಟು, ಇನ್ನೂ ಇಷ್ಟು ಎಂದು ಮೈಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಗೊತ್ತಾಗುತ್ತಲೇ ಬೀಳುತ್ತಿದ್ದಳು.

ಮಾಸ್ತರಿಗೆ ಎಷ್ಟು ದಿನ ತಿಳಿಯದೆ ಇರುತ್ತದೆ? ಒಂದು ಮುಂಜಾನೆ ಅಕ್ಕ ಬಿದ್ದು ಎದ್ದು ಧೂಳು ಕೊಡವಿಕೊಳ್ಳುತ್ತಿದ್ದಾಗ, ಅಂಗಳದ ಮೂಲೆಯ ಕಲ್ಲಿನ ಮೇಲೆ ಅವರು ಕೂತಿದ್ದು ಕಾಣಿಸಿತು. ಗೋಡೆ ಹಿಡಿದುಕೊಂಡು, ಓಣಿಯುದ್ದಕ್ಕೂ ನಿಧಾನವಾಗಿ ನಡೆದು ಬಂದಿರಬೇಕು. ನಾದಿನಿ ಸೀಟು ಬಿಟ್ಟು ದೂರ ಸರಿದಳು.

"ಹೂಂ, ಇನ್ನೊಂದು ಸಲ ಹತ್ತು" ಎಂದರು ಮಾಸ್ತರು.

ಅಕ್ಕ ಹತ್ತಿದಳು, ಹೊರಟಳು, ವಾಲಿದಳು, ಬಿದ್ದಳು.

"ಇನ್ನೊಂದು ಸಲ."

ಮತ್ತೆ ಬಿದ್ದಳು. ಮಾಸ್ತರು ಕಲ್ಲಿನಿಂದ ಎದ್ದು ಹತ್ತಿರ ಬಂದರು. "ಅಲ್ಲ ಕಣೇ, ಕಣ್ಣು ಯಾಕೆ ಮುಚ್ಕೋತೀಯ?"

ಅಕ್ಕ ಬಿದ್ದಲ್ಲಿಯೇ ಕೂತು ಅವರ ಮುಖ ನೋಡಿದಳು. ಅವಳಿಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷದ ಅಭ್ಯಾಸ, ಗಾಡಿ ಚೂರು ವಾಲಿದರೆ ಸಾಕು, ರೆಪ್ಪೆ ತಾನಾಗಿಯೇ ಕೂಡಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿ, ಮೈ ಅಲ್ಲಾಡಿಸದೆ, ಎಷ್ಟು ಎಳೆಯುತ್ತಿದೆ ಎಂದು ನೋಡುತ್ತ ಕೂತುಬಿಡುತ್ತಿದ್ದಳು.

"ಎಡಕ್ಕೆ ಎಳೀತಿದೆ ಅಂತ ನಿಂಗೆ ಗೊತ್ತಾಗುತ್ತೆ. ಆಮೇಲೆ ಮುಂದೆ ಕೂತೋರು ಸರಿ ಮಾಡ್ತಾರೆ ಅಂತ ಕಾಯ್ತೀಯ" ಎಂದರು ಮಾಸ್ತರು. "ಈಗ ಮುಂದೆ ಯಾರಿದಾರೆ?"

ಯಾರೂ ಇರಲಿಲ್ಲ. ಆ ಮಾತು ಅಕ್ಕನ ಎದೆಗೆ ನಾಟಿತು. ಹೇಳಿದವರಿಗೂ ನಾಟಿತೇನೋ, ಮಾಸ್ತರು ಮುಖ ತಿರುಗಿಸಿ, ಗೋದಾಮಿನ ಬಾಗಿಲಿಗೆ ಒರಗಿಸಿದ್ದ ಉದ್ದ ಹಿಡಿಯ ಪೊರಕೆಯನ್ನು ತಂದರು. ಅದನ್ನು ತಲೆಕೆಳಗಾಗಿ ಅವಳ ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟರು.

"ಬೀಳಿಸ್ಬೇಡ."

ಪೊರಕೆ ಬಲಕ್ಕೆ ವಾಲಿತು, ಅಕ್ಕನ ಅಂಗೈ ಬಲಕ್ಕೆ ಓಡಿತು. ಎಡಕ್ಕೆ ವಾಲಿತು, ಎಡಕ್ಕೆ ಓಡಿತು. ಮನೆಗೆಲಸ ಮಾಡಿದ ಯಾವ ಹೆಂಗಸು ಚಿಕ್ಕವಳಿದ್ದಾಗ ಇದನ್ನು ಆಡಿಲ್ಲ? ಪೊರಕೆ ನಿಂತಿತು.

"ಅಷ್ಟೇ. ಎತ್ತ ಬೀಳುತ್ತೋ ಅತ್ತಲೇ ಹೋಗಿ ಕೆಳಗೆ ನಿಲ್ಲಬೇಕು. ಬೀಳೋದಕ್ಕೆ ಹೆದರ್ಕೊಂಡು ಇನ್ನೊಂದು ಕಡೆಗೆ ಎಳ್ಕೊಂಡ್ರೆ ಕೆಟ್ಟೆ. ಕಣ್ಣು ಬಿಟ್ಟು ಅತ್ತಲೇ ತಿರುಗ್ಸು, ಚೂರೇ ಚೂರು. ಉಳಿದಿದ್ದು ಗಾಡಿ ನೋಡ್ಕೊಳ್ಳುತ್ತೆ." ಆಮೇಲೆ ತಂಗಿಯ ಕಡೆ ತಿರುಗಿ, "ನೀನು ಹಿಡ್ಕೊಂಡು ಓಡ್ಬೇಡ ಮಾರಾಯ್ತಿ. ಹಿಡಿದ್ರೆ ಗಾಡಿ ವಾಲೋದೇ ಇಲ್ಲ. ವಾಲ್ದೇ ಇದ್ರೆ ಇವಳು ಕಲಿಯೋದೇನು?" ಎಂದರು.

ಅಕ್ಕ ಆ ದಿನ ಕಲಿತಳು ಎಂದರೆ ಸುಳ್ಳಾಗುತ್ತದೆ. ಆ ವಾರವೂ ಕಲಿಯಲಿಲ್ಲ. ಆದರೆ ಮಾಸ್ತರು ದಿನಾ ಬಂದು ಕಲ್ಲಿನ ಮೇಲೆ ಕೂತು "ಕಣ್ಣು, ಕಣ್ಣು" ಎಂದು ಕೂಗತೊಡಗಿದರು. ಮನೆಗೆ ಬಂದು ಸಾರಿಗೆ ಉಪ್ಪು ಹೆಚ್ಚಾಯಿತು ಎಂದರು. ಉಪ್ಪು ಹೆಚ್ಚಾಗಿರಲಿಲ್ಲ. ಅಕ್ಕ ಅಡುಗೆಮನೆಗೆ ಹೋಗಿ ಒಬ್ಬಳೇ ಕಣ್ಣೊರೆಸಿಕೊಂಡಳು.

ಒಂದು ಬೆಳಿಗ್ಗೆ ಗಾಡಿ ಎಡಕ್ಕೆ ವಾಲಿದಾಗ ಕೈ ತಾನಾಗಿಯೇ ಎಡಕ್ಕೆ ತಿರುಗಿತು, ಗಾಡಿ ಎದ್ದಿತು. ಬಲಕ್ಕೆ ವಾಲಿತು, ಎದ್ದಿತು. ಅಂಗಳದ ಆ ತುದಿ ಮುಟ್ಟಿದ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯದೆ ಗೋಣಿಚೀಲದ ರಾಶಿಗೆ ಹೋಗಿ ಗುದ್ದಿದಳು. ಅದು ಬೇರೆ ಮಾತು. ಮುಂದಿನ ದಿನಗಳಲ್ಲಿ ಭಾರ ಹೊತ್ತು ಓಡಿಸುವ ಅಭ್ಯಾಸಕ್ಕೆ ನಾದಿನಿಯನ್ನೇ ಹಿಂದೆ ಕೂರಿಸಿಕೊಂಡಳು. ನಾದಿನಿ ಸಾಮಾನ್ಯ ಭಾರವಲ್ಲ, ಸಾಲದ್ದಕ್ಕೆ ದಾರಿಯುದ್ದಕ್ಕೂ ದೇವರನ್ನು ಕರೆಯುತ್ತಿದ್ದಳು. ಇವಳನ್ನು ಹೊತ್ತವಳು ಲೋಕವನ್ನೇ ಹೊರಬಹುದು ಎಂದು ಅಕ್ಕನಿಗೆ ಧೈರ್ಯ ಬಂತು. ಇಳಿಜಾರಿನಲ್ಲಿ ಬೆರಳು ಸಡಿಲಿಸಿ, ಆಮೇಲೆ ಅಂಗೈ ಎತ್ತಿ ಹೋಗುವುದನ್ನೂ ರೂಢಿ ಮಾಡಿಕೊಂಡಳು.

ಇಷ್ಟಾದರೂ ಮಾಸ್ತರು ಮಾತ್ರ ಕ್ಯಾರಿಯರ್ ಹತ್ತಲೊಲ್ಲರು. "ನೋಡೋಣ" ಎನ್ನುತ್ತಿದ್ದರು. ನಾಳೆ ಎಂದವನ ಮನೆ ಹಾಳು ಎಂದು ಅಕ್ಕ ಗೊಣಗಿದರೆ ಮತ್ತೆ "ನೋಡೋಣ". ಕಲ್ಲಿನ ಮೇಲೆ ಕೂತು ಕೂಗುವುದು ಒಂದು, ಓಣಿಯ ನಡುವೆ ಜನರ ಕಣ್ಣೆದುರು ಹೆಂಡತಿಯ ಹಿಂದೆ ಕೂರುವುದು ಇನ್ನೊಂದು. ಹಟ ಒಂದೇ ಆಗಿದ್ದರೆ ಅಕ್ಕ ಜಗಳ ಮಾಡಿ ಗೆಲ್ಲುತ್ತಿದ್ದಳು. ಹಟದ ಕೆಳಗೆ ಹೆದರಿಕೆ ಇತ್ತು. ಆ ಓಣಿಯೇ ಅಲ್ಲವೇ ಅವರ ಕಣ್ಣೆದುರು ಗಿರ್ರನೆ ತಿರುಗಿದ್ದು.

ಕೊನೆಗೆ ದಾರಿ ಮಾಡಿಕೊಟ್ಟವನು ಹಾಲಿನವನು. ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತು, "ಮಾಸ್ತರೇ, ಇನ್ನು ಕಾಯೋಕಾಗಲ್ಲ. ನಂಗೆ ಪರೀಕ್ಷೆ ಬೇಡ. ಬಿದ್ರೆ ನನ್ನ ಹಣೆಬರಹ, ನಿಮ್ಮನ್ನ ಕೇಳಲ್ಲ. ಹಾಗೇ ಕೊಟ್ಬಿಡಿ" ಎಂದ.

ಮಾಸ್ತರು ಬೀಗದ ಕೈಯನ್ನು ಜೇಬಿನಿಂದ ತೆಗೆದರು. ಶೆಟರ್ ಎತ್ತಿದರು. ಒಳಗಿನಿಂದ ಧೂಳಿನ ಜೊತೆ ರಬ್ಬರಿನ ವಾಸನೆ ಬಂತು. ಹಾಲಿನವನ ಸೈಕಲ್ಲನ್ನು ಹೊರಗೆ ತಂದು, ಹ್ಯಾಂಡಲ್ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದರು. ಅಕ್ಕ ಹೊಸಿಲಲ್ಲಿ ನಿಂತು ನೋಡುತ್ತಿದ್ದಳು. ಇವರು ಹಾಗೇ ಕೊಟ್ಟುಬಿಟ್ಟರೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಕಾನೂನು ಮುರಿದು ಒಂದು ಗಾಡಿ ಹೊರಗೆ ಹೋದರೆ ಆ ಮನುಷ್ಯ ಮತ್ತೆ ಅಂಗಡಿಯೊಳಗೆ ಕಾಲಿಡುವವರಲ್ಲ.

ಮಾಸ್ತರು ಹ್ಯಾಂಡಲ್ ಹಿಡಿದು ಮುಂದಿನ ಚಕ್ರವನ್ನು ಎತ್ತಿ ಒಮ್ಮೆ ತಿರುಗಿಸಿ ನೋಡಿದರು. ಆಮೇಲೆ ಹಾಲಿನವನ ಕಡೆ ನೋಡದೆ, "ಇವಳೇ, ಮೇಲ್ಗಡೆ ಕಟ್ಟೆ ಹತ್ರ ತಗೊಂಡು ಬಾ. ಎತ್ತರದ ಗಾಡಿ, ನಿಂಗೆ ಹತ್ತೋಕೆ ಕಟ್ಟೆ ಬೇಕು" ಎಂದರು.

ಓಣಿಯ ಜನ ಬಾಗಿಲುಗಳಲ್ಲಿ ನಿಂತಿದ್ದರು. ಯಾರೋ ಒಬ್ಬರು ನಕ್ಕರು. ನಾದಿನಿ ಮಹಡಿಯಿಂದ "ಯಾರದು ಹಲ್ಲು ಬಿಡೋದು?" ಎಂದಳು, ನಗು ನಿಂತಿತು. ಅಕ್ಕ ಕಟ್ಟೆಗೆ ಕಾಲು ಕೊಟ್ಟು ಸೀಟಿನ ಮೇಲೆ ಕೂತಳು. ಹಿಂದೆ ಕ್ಯಾರಿಯರ್ ಕೆಳಕ್ಕೆ ಜಗ್ಗಿತು. ಅಷ್ಟು ವರ್ಷದ ಸಂಸಾರದಲ್ಲಿ ಗಂಡನ ಭಾರ ಎಷ್ಟೆಂದು ಅವಳಿಗೆ ತಿಳಿದದ್ದು ಆಗಲೇ, ನಾದಿನಿಯ ಅರ್ಧವೂ ಇರಲಿಲ್ಲ. ಇಷ್ಟೊಂದು ಇಳಿದುಹೋಗಿದ್ದಾರೆಯೇ ಎಂದುಕೊಂಡು ಪೆಡಲಿಗೆ ಕಾಲಿಟ್ಟಳು.

ಗಾಡಿ ಹೊರಟಿತು. ಮಾಸ್ತರಿಗೆ ಹಿಂದೆ ಕೂರಲು ಬರುತ್ತಿರಲಿಲ್ಲ. ಗಾಡಿ ಚೂರು ಎಡಕ್ಕೆ ವಾಲಿದರೆ ಅವರು ಬಲಕ್ಕೆ ಬಿಗಿದುಕೊಳ್ಳುವುದು, ಬಲಕ್ಕೆ ವಾಲಿದರೆ ಎಡಕ್ಕೆ. ಹ್ಯಾಂಡಲ್ ಅಕ್ಕನ ಕೈಯಲ್ಲಿ ಹಾವಿನ ಹಾಗೆ ಹೊರಳಿತು.

"ರೀ, ಏನೂ ಮಾಡ್ಬೇಡಿ. ಸುಮ್ನೆ ಭಾರ ಆಗಿ."

"ತಿರುಗ್ತಾ ಇದೆ ಕಣೇ. ಓಣಿ ತಿರುಗ್ತಾ ಇದೆ."

"ಓಣಿ ನೋಡ್ಬೇಡಿ. ನಾನು ನೋಡ್ತಾ ಇದೀನಿ."

ಆಮೇಲೆ ಅವಳ ಬೆನ್ನ ನಡುವೆ, ಸ್ವಲ್ಪ ಎಡಕ್ಕೆ, ಒಂದು ಬಿಸಿ ತಾಗಿತು. ಮಾಸ್ತರು ಹಣೆ ಇಟ್ಟಿದ್ದರು. ಪ್ರಜ್ಞೆ ತಪ್ಪಿತೇ ಎಂದು ಅಕ್ಕ ಗಾಬರಿಯಾದಳು.

"ರೀ?"

"ಓಡಿಸು" ಎಂದಿತು ದನಿ. "ಇಲ್ಲಿ ತಿರುಗ್ತಾ ಇಲ್ಲ."

ಹಿಂದಿನ ಬಿಗಿ ಸಡಿಲಿತು. ಹ್ಯಾಂಡಲ್ ತಾನಾಗಿಯೇ ಶಾಂತವಾಯಿತು. ಇಳಿಜಾರು ಬಂದಾಗ ಅಕ್ಕ ಬೆರಳು ಸಡಿಲಿಸಿ, ಎರಡೂ ಅಂಗೈಯನ್ನು ಒಂದು ಬೆರಳಿನಷ್ಟು ಮೇಲೆತ್ತಿದಳು. ಗಾಡಿ ನೂಲು ಹಿಡಿದ ಹಾಗೆ ಹೋಯಿತು, ಆದರೆ ಎಡಕ್ಕೆ ತೀರ ಚೂರು ಎಳೆಯುತ್ತಿತ್ತು. ಅದು ಫೋರ್ಕಿನದಲ್ಲ, ಚಕ್ರದ್ದೂ ಅಲ್ಲ. ಬೆನ್ನಿಗೆ ಒರಗಿದ ತಲೆಯ ಭಾರ ಅದು. ಅವಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು. ಹೊಲಿಗೆ ಅಂಗಡಿ ಹೋಯಿತು, ಕ್ಷೌರದಂಗಡಿ ಹೋಯಿತು, ನಲ್ಲಿ ಬಂತು.

ಬ್ರೇಕು ಹಿಡಿದು ಕಾಲು ಊರಿದಳು. ಮಾಸ್ತರು ಇಳಿದು, ನಲ್ಲಿಯ ಕಟ್ಟೆ ಹಿಡಿದು ನಿಂತರು. ಮುಖ ಬೆವರಿತ್ತು. ಮೇಲಿನಿಂದ ಹಾಲಿನವನು ಓಡೋಡಿ ಬರುತ್ತಿದ್ದ. ಇಬ್ಬರೂ ತೀರ್ಪು ಹೇಳಬೇಕಿತ್ತು.

"ಎಡಕ್ಕೆ ಎಳೀತಿದೆ" ಎಂದರು ಮಾಸ್ತರು, ಅವಳ ಮುಖ ನೋಡದೆ.

ಪರೀಕ್ಷೆಯ ತೀರ್ಪಿನಲ್ಲಿ ಆಕೆ ಒಂದು ದಿನವೂ ಸುಳ್ಳು ಹೇಳಿದವಳಲ್ಲ. ಗಂಡನೊಂದಿಗೆ ನಡುರಸ್ತೆಯಲ್ಲಿ ಜಗಳ ಆಡಿದ್ದುಂಟು, ಗಿರಾಕಿಯ ಎದುರು ಅವರ ಮರ್ಯಾದೆ ಕಳೆದದ್ದುಂಟು, ನೇರ ಇರುವ ಗಾಡಿಯನ್ನು ಸೊಟ್ಟ ಎಂದದ್ದಿಲ್ಲ.

"ಹೌದು ರೀ" ಎಂದಳು ಅಕ್ಕ. "ನಂಗೂ ಹಾಗೇ ಅನ್ನಿಸ್ತು. ಇನ್ನೊಂದು ಸಲ ಹೋಗಿ ನೋಡೋಣ."

ಎಳೆಯುವ ಗಾಡಿ ಸ್ಟ್ಯಾಂಡಿಗೆ ಹೋಗಬೇಕು, ಸ್ಪ್ಯಾನರ್ ಹಿಡಿದು ಬಿಚ್ಚಬೇಕು ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಅಕ್ಕ ಹ್ಯಾಂಡಲ್ ಹಿಡಿದು, ಮಾಸ್ತರು ಕ್ಯಾರಿಯರ್ ಹಿಡಿದು, ಗಾಡಿಯನ್ನು ಮೇಲ್ತುದಿಯ ಕಡೆಗೆ ತಳ್ಳಿಕೊಂಡು ಹೊರಟರು.

ಹಾಲಿನವನು ದಾರಿಯಲ್ಲಿ ಎದುರಾಗಿ, "ಅಕ್ಕಾ, ಸರಿ ಇದೆ ತಾನೇ?" ಎಂದು ಕೇಳಿದ.

"ಎಲ್ಲಿ ಸರಿಯಪ್ಪಾ, ಇನ್ನೂ ಇಲ್ಲ" ಎಂದಳು ಕ್ಯಾರಿಯರ್ ಅಕ್ಕ. "ಕತ್ತಲಾಗೋವರೆಗೂ ಕಾಯ್ಬೇಕಾಗುತ್ತೆ ನೀನು."